ಅಳೆಯದ ಮಂಜುಗಡ್ಡೆ

ಸಿರ್ಯೆಗೆ ಸಾಲು ಹೊಸದಲ್ಲ.
ಹೆಲ್ಟರ್ಮಾ ಬಂದರಿನಲ್ಲಿ ಹತ್ತೊಂಬತ್ತು ವರ್ಷ
ಹಳದಿ ಕೋಟು ತೊಟ್ಟು
ದ್ವೀಪದ ಕಾರುಗಳನ್ನು ಹಡಗಿಗೆ ಹತ್ತಿಸಿದವಳು.
ಯಾರು ಮೊದಲು ಬಂದರು, ಯಾರ ಹಿಂದಿನ ಸೀಟಿನಲ್ಲಿ
ನಿಜವಾಗಿ ಹೆರಿಗೆ ನೋವಿದೆ, ಯಾರದು ಸುಳ್ಳು ಕೆಮ್ಮು,
ಗಾಜಿನಾಚೆಯಿಂದಲೇ ಹೇಳಬಲ್ಲಳು.

ಇವತ್ತು ಅವಳೇ ಸಾಲಿನಲ್ಲಿ.
ಮೂರು ದಿನ ರಜೆ ಹಾಕಿ, ಮೀನು ಹುರಿದಿಟ್ಟು,
ಸ್ವೆಟರಿನ ತೋಳು ಮೇಲೇರಿಸಿ
ಹೊಸ ಆಟ ತೆರೆದರೆ ಪರದೆ ಹೇಳುತ್ತದೆ:
ನಿಮ್ಮ ಮುಂದೆ ಅರವತ್ತೊಂದು ಸಾವಿರದ ಇನ್ನೂರ ನಾಲ್ಕು ಜನ.
ನಿಮ್ಮ ತಾಳ್ಮೆಗೆ ಧನ್ಯವಾದ.

ಯಾವ ತಾಳ್ಮೆ? ನಾನಿನ್ನೂ ಕೊಟ್ಟೇ ಇಲ್ಲವಲ್ಲ,
ಎಂದಳು ಬಾಣಲೆಗೆ.

ಆಟವಾದರೂ ಎಂಥದ್ದು:
ಒಂದು ಜವುಗು, ಒಂದು ಚಪ್ಪಟೆ ದೋಣಿ, ಒಂದು ನರಿ.
ಇನ್ನೊಬ್ಬ ಮನುಷ್ಯನ ಸುಳಿವಿಲ್ಲ.
ಜಾಹೀರಾತು ಎರಡು ವರ್ಷದಿಂದ ಕರೆದದ್ದೂ ಹಾಗೇ:
ಬನ್ನಿ, ಒಬ್ಬರೇ ಇರಿ.
ಒಬ್ಬಳೇ ಇರಲು ಒಂದು ಊರಿನಷ್ಟು ಜನರ ಹಿಂದೆ ನಿಲ್ಲಬೇಕು.
ಎಲ್ಲೋ ತಣ್ಣನೆ ಕೋಣೆಯ ಪೆಟ್ಟಿಗೆಯೊಂದು
ಹೂಂ ಅನ್ನಬೇಕು,
ಇಲ್ಲಿ ನರಿ ಬಾಲ ಅಲ್ಲಾಡಿಸುವುದಕ್ಕೆ.
ದೇವರು ಕೊಟ್ಟರೂ ಪೂಜಾರಿ ಕೊಡನಂತೆ;
ಇಲ್ಲಿ ಪೂಜಾರಿಗೇ ಜ್ವರ.

ಬುಧವಾರ ಸಂಖ್ಯೆ ಕರಗಿತು. ನೂರು, ನಲವತ್ತು, ಒಂಬತ್ತು.
ಕುರ್ಚಿ ಹತ್ತಿರ ಎಳೆದುಕೊಂಡಳು.
ದೋಷ ನಾಲ್ಕುನೂರ ಹದಿನೇಳು.
ಮತ್ತೆ ಸಾಲಿನ ಕೊನೆ.

ತಾರ್ತುವಿನಿಂದ ತಾನೆಲ್ ಫೋನು ಮಾಡಿದ:
ಎಲ್ಲರೂ ದುಡ್ಡು ವಾಪಸ್ ಕೇಳುತ್ತಿದ್ದಾರೆ,
ಎಲ್ಲರೂ ಒಂದೇ ನಕ್ಷತ್ರ ಒತ್ತುತ್ತಿದ್ದಾರೆ,
ಯಾರೋ ಒಬ್ಬ, ಆಟ ಬರೆದವಳ ಮನೆಯ ವಿಳಾಸ ಹುಡುಕುತ್ತಿದ್ದಾನಂತೆ.
ಅದು ಮಾತ್ರ ಬೇಡ, ಎಂದಳು ಸಿರ್ಯೆ.
ಹಾರನ್ ಹೊಡೆದರೆ ಹಡಗು ಬೇಗ ಬಂದದ್ದನ್ನು
ಅವಳು ಕಂಡಿಲ್ಲ.
ಆದರೂ, ಹೊಡೆಯಬೇಡಿ ಎನ್ನಲು
ಈ ಸಲ ಬಾಯಿ ಬರಲಿಲ್ಲ.

ಗುರುವಾರ ಕಂಪನಿ ಹೇಳಿತು:
ನಿಮ್ಮ ಪ್ರೀತಿ ನಮ್ಮ ಅಂದಾಜನ್ನೂ ಮೀರಿತು.
ಓಹೋ, ತಪ್ಪು ನಮ್ಮ ಪ್ರೀತಿಯದು!
ಆಗ ಬರೆಯಲು ಕೂತಳು,
ಟಿಕೆಟ್ಟಿನ ಹಿಂಬದಿಯಲ್ಲಿ, ಪೆನ್ಸಿಲ್ಲಿನಲ್ಲಿ, ಮೊದಲು:

'ಚಳಿ ಬಲಿತ ವರ್ಷ ನಮ್ಮಲ್ಲಿ
ಕಡಲ ಮೇಲೇ ರಸ್ತೆ ತೆರೆಯುತ್ತೇವೆ.
ತೆರೆಯುವ ಮುಂಚೆ ಮಂಜುಗಡ್ಡೆ ಕೊರೆದು ಅಳೆಯುತ್ತೇವೆ,
ಒಂದು ಕಡೆಯಲ್ಲ, ಉದ್ದಕ್ಕೂ.
ಎರಡು ಗೇಣು ಕಡಿಮೆಯಿದ್ದರೆ
ಮೇಯರನ ಕಾರಿಗೂ ದಾರಿಯಿಲ್ಲ.
ಒಂದೊಂದಾಗಿ ಬಿಡುತ್ತೇವೆ. ಸೀಟ್ ಬೆಲ್ಟ್ ಬಿಚ್ಚಿಸುತ್ತೇವೆ,
ಕುಸಿದರೆ ಹಾರಿಕೊಳ್ಳಲಿ ಎಂದು.
ನೀವು ಅಳೆಯದೆ ಎಲ್ಲರನ್ನೂ ಒಟ್ಟಿಗೆ ಬಿಟ್ಟಿರಿ.
ಬೆಲ್ಟು ಬಿಗಿದು ಬೀಗದಕೈ ನೀವೇ ಇಟ್ಟುಕೊಂಡಿರಿ.
ತಾಳ್ಮೆ ನಮ್ಮದು, ಅದಕ್ಕೆ ಧನ್ಯವಾದ ನೀವು ಹೇಳಬೇಡಿ.
ಕಾದೂ ಸಿಗದಿದ್ದರೆ ಸಿಗಲ್ಲ ಅನ್ನಿ.'

ಕಳಿಸಿದಳೋ ಇಲ್ಲವೋ ಗೊತ್ತಿಲ್ಲ.

ರಾತ್ರಿ ಎರಡಕ್ಕೆ ಬಾಗಿಲು ತೆರೆಯಿತು.
ಜವುಗಿನ ಮೇಲೆ ಮಂಜು. ದೋಣಿಯ ಕೆಳಗೆ ನೀರಿನ ಕಂದು ಸದ್ದು.
ನಿಜ ಹೇಳಬೇಕೆಂದರೆ, ಚೆನ್ನಾಗಿತ್ತು.
ಅದೇ ಅವಳಿಗೆ ಹೆಚ್ಚು ಸಿಟ್ಟು ತರಿಸಿದ್ದು.
ಹುಲ್ಲಿನಿಂದ ನರಿ ಹೊರಬಂತು,
ಮುಂಗಾಲೆತ್ತಿ ಇವಳ ಕಡೆ ನೋಡಿತು,
ಹೊರಗೆ ಗಾಳಿ ಯಾವುದೋ ಕಂಬವನ್ನು ಅಲುಗಿಸಿತು,
ಆ ಕಾಲು ಹಾಗೇ ನಿಂತಿತು,
ಈಗಲೂ ಎಲ್ಲೋ ಕೆಳಗಿಳಿಯದೆ.

ಶುಕ್ರವಾರ ಬೆಳಿಗ್ಗೆ ಹಳದಿ ಕೋಟು.
ಬಿರುಗಾಳಿ. ಹಡಗು ಆಚೆ ದಡದಲ್ಲೇ.
ಮೂವತ್ತೆಂಟು ಕಾರು; ಒಂದೊಂದರ ಗಾಜು ತಟ್ಟಿದಳು.
ಬರುತ್ತಾ? ಎಂದರು.
ಇಲ್ಲ, ಸಂಜೆಯವರೆಗೆ ಇಲ್ಲ, ಮನೆಗೆ ಹೋಗಿ ಉಣ್ಣಿ, ಎಂದಳು.
ಗೊಣಗಿದರು, ಹಿಂದಕ್ಕೆ ತಿರುಗಿಸಿದರು.
ಕೊನೆಯ ಕಾರಿನ ಹಿಂದಿನ ಸೀಟಿನ ಹುಡುಗ ಮಾತ್ರ
ತಲೆ ಎತ್ತಲಿಲ್ಲ:
ಅಂಟುಪಟ್ಟಿ ಸುತ್ತಿದ ಅವನ ಹಳೇ ಆಟದ ಡಬ್ಬಿಯಲ್ಲಿ
ಬೆರಳುದ್ದದ ಯಾರೋ ಒಬ್ಬ
ಯಾರನ್ನೂ ಕೇಳದೆ ಗೋಡೆ ಹತ್ತುತ್ತಿದ್ದ.